ಹೊಟ್ಟೆಯಲ್ಲಿ ನಿಲ್ಲದ ಅಕ್ಕಿ

ಮೊರವನ್ನು ನಡುವೆ ಇಟ್ಟುಕೊಂಡು ಅವ್ವ ಮಗಳು ಅಕ್ಕಿ ಆರಿಸುತ್ತಿದ್ದರು. ಅವ್ವ ಬೆಟ್ಟಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಲೋಲಾಕ್ಷಿ ಎದುರಿಗೆ, ಬಾಗಿಲ ಬೆಳಕು ಮೊರದ ಮೇಲೆ ಬೀಳಲೆಂದು ಸ್ವಲ್ಪ ಓರೆಯಾಗಿ ಕೂತಿದ್ದಳು. ಒಂದು ಹಿಡಿಯಷ್ಟನ್ನು ತಮ್ಮ ಕಡೆಗೆ ಎಳೆದುಕೊಳ್ಳುವುದು, ಬೆರಳಿನಿಂದ ಹರಡುವುದು, ಕಲ್ಲನ್ನೋ ನೆಲ್ಲನ್ನೋ ಹೆಕ್ಕಿ ನೆಲಕ್ಕೆ ಹಾಕುವುದು, ನೋಡಿದ್ದನ್ನು ಅಂಚಿಗೆ ತಳ್ಳುವುದು. ಅವ್ವನ ಬೆರಳುಗಳಿಗೆ ಇದಕ್ಕೆ ಕಣ್ಣು ಬೇಕಿರಲಿಲ್ಲ. ವನಗೂರಿನ ಎಸ್ಟೇಟ್ ಸ್ಟೋರಿನಲ್ಲಿ ಹನ್ನೊಂದು ವರ್ಷ ಏಲಕ್ಕಿ ಆರಿಸಿದ ಬೆರಳುಗಳು ಅವು. ಒಡೆದದ್ದು, ಬಿಳಿಚಿದ್ದು, ಜಳ್ಳು ಎಂದು ಮುಟ್ಟಿದ ಮಾತ್ರಕ್ಕೆ ಬೇರೆ ಮಾಡುತ್ತಿದ್ದವು. ಲೋಲಾಕ್ಷಿ ನೋಡುತ್ತಿದ್ದದ್ದು ಅಕ್ಕಿಯನ್ನಲ್ಲ, ಅವ್ವನ ಕೆನ್ನೆಯನ್ನು. ಇನ್ನೇನು ಬರುತ್ತದೆ ಎಂದು ಅವಳಿಗೆ ಒಂದು ಕ್ಷಣ ಮೊದಲೇ ಗೊತ್ತಾಗುತ್ತಿತ್ತು. ಅವ್ವನ ಬೆರಳುಗಳು ಒಮ್ಮೆ ನಿಲ್ಲುತ್ತಿದ್ದವು, ಏನೋ ಮರೆತವರ ಹಾಗೆ. ಆಮೇಲೆ ಕೆನ್ನೆಯ ಮೇಲುಭಾಗದಿಂದ ಕಿವಿಗೆ, ಕಿವಿಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ರವಿಕೆಯ ಅಂಚಿನವರೆಗೆ ಬಣ್ಣ ಇಳಿಯುತ್ತಿತ್ತು. ಕೆಂಪು ಎಂದು ಎಲ್ಲರೂ ಅನ್ನುತ್ತಿದ್ದರು. ಅವ್ವನ ಕಪ್ಪು ಮೈಗೆ ಅದು ಬರೀ ಕೆಂಪಲ್ಲ, ಒಲೆಯ ಮೇಲಿಟ್ಟ ತಾಮ್ರದ ಹಂಡೆಯ ತಳಕ್ಕೆ ಬರುವ ಬಣ್ಣ. ಇವತ್ತೂ ಬಂತು. ಲೋಲಾಕ್ಷಿ ಗೋಡೆಯ ಗಡಿಯಾರ ನೋಡಿದಳು, ಸೀರೆಗೆ ಕೈ ಒರೆಸಿಕೊಂಡು ಪಕ್ಕದಲ್ಲಿದ್ದ ನೋಟ್‌ಬುಕ್ ತೆಗೆದಳು. ಹತ್ತೂ ಐದು. ಅಕ್ಕಿ ಆರಿಸುವಾಗ. ಬೆಳಿಗ್ಗೆ ರೊಟ್ಟಿ, ಆಮೇಲೆ ಏನೂ ತಿಂದಿಲ್ಲ. ಬಣ್ಣ ಇಳಿದ ಮೇಲೆ ಮತ್ತೆ ಗಡಿಯಾರ ನೋಡಿ, ನಾಲ್ಕು ನಿಮಿಷ ಎಂದು ಸೇರಿಸಿದಳು. ಅವಳು ಬರೆಯುವಷ್ಟು ಹೊತ್ತೂ ಅವ್ವ ಬೇರೆ ಕಡೆ ನೋಡಿದಳು, ಬಟ್ಟೆ ಬದಲಿಸುವಾಗ ಯಾರಾದರೂ ಒಳಗೆ ಬಂದರೆ ನೋಡುವ ಹಾಗೆ.

ಬರೆದಿಡಿ ಎಂದು ಹೇಳಿದ್ದು ಮೈಸೂರಿನ ಡಾಕ್ಟರಮ್ಮ. ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು, ಏನು ತಿಂದ ಮೇಲೆ. ಮನೆಗೆ ಬಂದು ಹುಡುಕಿದಾಗ ಟ್ರಂಕಿನ ಅಡಿಯಲ್ಲಿ ಸಿಕ್ಕಿದ್ದು ಅವಳ ಎಂಟನೇ ಕ್ಲಾಸಿನ ಸಮಾಜ ವಿಜ್ಞಾನದ ನೋಟ್‌ಬುಕ್ಕು. ಮೊದಲ ಮೂವತ್ತು ಪುಟಗಳಲ್ಲಿ ನದಿಗಳು, ರಾಜರು, ಕೆಂಪು ಶಾಯಿಯಲ್ಲಿ ಮೇಷ್ಟರ ಸಹಿ. ಆಮೇಲೆ ಒಂದು ಪ್ರಶ್ನೆ ಬರೆದು, ಅದರ ಕೆಳಗೆ 'ಉತ್ತರ' ಎಂದು ಬರೆದು, ಎರಡು ಚುಕ್ಕೆ ಇಟ್ಟು ನಿಂತಿತ್ತು. ಅಲ್ಲಿಂದ ಮುಂದೆ ಖಾಲಿ. ಅವಳು ಆ ಪುಟವನ್ನು ಹರಿಯಲಿಲ್ಲ, ಮುಂದಿನ ಪುಟದಿಂದ ಅವ್ವನ ಮುಖವನ್ನು ಬರೆಯತೊಡಗಿದಳು. ಈಗ ಹನ್ನೆರಡು ಪುಟವಾಗಿತ್ತು. ಬಿಸಿ ಕಾಫಿ ಕುಡಿದಾಗ ಬರುತ್ತಿತ್ತು. ಹಸಿಮೆಣಸಿನ ಚಟ್ನಿಗೆ ಬರುತ್ತಿತ್ತು. ನಗುವಾಗ, ಬಗ್ಗಿ ಏಳುವಾಗ, ಬಸ್ಸು ತಪ್ಪೀತೆಂದು ಓಡುವಾಗ. ಒಂದೊಂದು ಸಲ ಏನೂ ಇಲ್ಲದೆ, ಸುಮ್ಮನೆ ರಸ್ತೆ ನೋಡುತ್ತಾ ನಿಂತಾಗ. ಬಂದು ಹೋದ ಮೇಲೆ ಬಹಳ ಸಲ ಹೊಟ್ಟೆ ಕೆಟ್ಟು ಹಿತ್ತಲಿಗೆ ಓಡಬೇಕಾಗುತ್ತಿತ್ತು. ಇಷ್ಟು ವರ್ಷ ಒಬ್ಬ ಡಾಕ್ಟರು ಅದನ್ನು ಆಮಶಂಕೆ ಎಂದು ಮಾತ್ರೆ ಕೊಟ್ಟಿದ್ದರು, ಇನ್ನೊಬ್ಬರು ಮುಟ್ಟು ನಿಲ್ಲುವ ವಯಸ್ಸು ಎಂದಿದ್ದರು. ಆಲೂರಿನ ಈ ಬೀದಿಯಲ್ಲಿ ಡಾಕ್ಟರುಗಳಲ್ಲದವರು ಬೆಟ್ಟಮ್ಮ ಗುಟ್ಟಾಗಿ ಕುಡಿಯುತ್ತಾಳೆ ಎಂದಿದ್ದರು. ಲೋಲಾಕ್ಷಿ ಹೆಮ್ಮಿಂಗ್ ಮಾಡುವ ಟೈಲರ್ ಅಂಗಡಿಗೆ ರವಿಕೆ ಕೊಡಲು ಬಂದ ಹೆಂಗಸೊಬ್ಬಳು ಅದನ್ನು ಅವಳ ಎದುರಿಗೇ, ಅವಳು ಯಾರ ಮಗಳೆಂದು ತಿಳಿಯದೆ ಹೇಳಿದ್ದಳು. ಲೋಲಾಕ್ಷಿ ತಲೆ ತಗ್ಗಿಸಿ ಹುಕ್ಕು ಹಾಕುತ್ತಾ ಕೂತಿದ್ದಳು. ಸುಮ್ಮನಿರುವುದು ಅವಳಿಗೆ ಕಷ್ಟವೆನಿಸುತ್ತಿರಲಿಲ್ಲ. ಅದೇ ಅವಳಿಗೆ ಚೆನ್ನಾಗಿ ಬರುತ್ತಿದ್ದ ಕೆಲಸ.

ಮೈಸೂರಿಗೆ ಎರಡನೇ ಸಲ ಹೋದಾಗ ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಅವರು ಕೊಟ್ಟ ಕ್ಯಾನಿನಲ್ಲೇ ತುಂಬಿಕೊಂಡು ಹೋಗಬೇಕಿತ್ತು. ಮೂರು ದಿನ ಬಾಳೆಹಣ್ಣು ಮುಟ್ಟಬಾರದು ಎಂದಿದ್ದರು. ಲೋಲಾಕ್ಷಿ ಕ್ಯಾನನ್ನು ಹಳೆಯ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದಳು. ಹಾಸನ ದಾಟುವ ಹೊತ್ತಿಗೆ ಟವೆಲು ಜಾರಿತು.

"ಏನವ್ವ ಅದು, ಜೇನಾ?" ಎಂದ ಕಂಡಕ್ಟರು.

ಅವಳು ಹೂಂ ಅಂದಳು. ಇಲ್ಲ ಎಂದರೆ ಮುಂದಿನ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತಿತ್ತು. ಆದರೆ ಹೂಂ ಎಂದರೂ ಮುಂದಿನ ಪ್ರಶ್ನೆ ಬಂತು. ಪಕ್ಕದ ಸೀಟಿನ ಮುದುಕ ಇತ್ತ ಬಗ್ಗಿ, "ಎಲ್ಲೀದು ಮಗ, ವನಗೂರ್ ಕಡೇದಾ? ಹೆಜ್ಜೇನೋ ತುಡುವೆನೋ? ಬಣ್ಣ ನೋಡುದ್ರೆ ತುಡುವೆ ಇದ್ದಂಗೈತೆ," ಎಂದ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು. ಮೊದಲು ಅಳುತ್ತಿದ್ದಾಳೆ ಎಂದುಕೊಂಡಳು ಲೋಲಾಕ್ಷಿ. ನಗುತ್ತಿದ್ದಳು. ನಗು ಹೆಚ್ಚಾಗಿ ಮುಖಕ್ಕೆ ಬಣ್ಣ ಏರಿತು, ಕಣ್ಣಲ್ಲಿ ನೀರು ಬಂತು, ಮುದುಕ ಗಾಬರಿಯಾಗಿ ಕಿಟಕಿ ತೆಗೆಯಿರಿ ಎಂದು ಕೂಗಿದ. ಅದನ್ನೂ ಲೋಲಾಕ್ಷಿ ಆಮೇಲೆ ಬರೆದಳು: ಬಸ್ಸಿನಲ್ಲಿ, ನಕ್ಕಾಗ, ಆರು ನಿಮಿಷ. ಅಷ್ಟು ಹೊತ್ತು ಅವ್ವ ನಕ್ಕದ್ದನ್ನು ಅವಳು ವರ್ಷಗಳಿಂದ ನೋಡಿರಲಿಲ್ಲ. ಅದನ್ನು ಬರೆಯಲು ನೋಟ್‌ಬುಕ್ಕಿನಲ್ಲಿ ಜಾಗವಿರಲಿಲ್ಲ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮೂತ್ರದ, ಸ್ಕ್ಯಾನಿನ ರಿಪೋರ್ಟುಗಳೆಲ್ಲ ಬಂದ ಮೇಲೆ ಚೀಟಿಯ ಹಿಂದುಗಡೆ ಸುರುಳಿ ಸುರುಳಿಯಾಗಿ ಕರುಳು ಬರೆದರು, ಒಂದು ಕಡೆ ಚುಕ್ಕೆ ಇಟ್ಟರು. ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡದು ಎಂದರು. ಪಕ್ಕದಲ್ಲಿ ಲಿವರ್ ಎಂದು ಗುಡ್ಡದ ಹಾಗೆ ಒಂದು ಗೆರೆ ಎಳೆದು ಅದರೊಳಗೆ ಆರೇಳು ಚುಕ್ಕೆ ಇಟ್ಟರು. ಕಾಯಿಲೆಯ ಹೆಸರು ಕಾರ್ಸಿನಾಯ್ಡ್. ಅವರು ಒಂದೊಂದೇ ಅಕ್ಷರ ಹೇಳಿದ್ದನ್ನು ಲೋಲಾಕ್ಷಿ ಕನ್ನಡದಲ್ಲಿ ಬರೆದುಕೊಂಡಳು. "ಇದು ಮೊದಲು ಕರುಳಲ್ಲಿ ಹುಟ್ಟುತ್ತೆ. ಇದೊಂದು ರಸ ಬಿಡುತ್ತೆ, ಅದೇ ಮೈಗೆಲ್ಲ ಉಪದ್ರ ಕೊಡೋದು. ಆದರೆ ಕರುಳಲ್ಲಿ ಮಾತ್ರ ಇರೋವರೆಗೂ ಆ ರಸವನ್ನ ಲಿವರ್ ತಡೆದುಬಿಡುತ್ತೆ. ಗಂಟು ಲಿವರಿಗೇ ಹೋಗಿ ಕೂತ ಮೇಲೇನೇ ಮುಖ ಕೆಂಪಾಗೋದು, ಹೊಟ್ಟೆ ಕೆಡೋದು. ಅದಕ್ಕೇ ಕೇಳ್ತಿರೋದು. ಮೊಟ್ಟಮೊದಲು ಮುಖ ಕೆಂಪಾಗಿದ್ದು ಯಾವಾಗ?"

ಅವ್ವ ಎರಡು ವರ್ಷ ಆಗಿರಬಹುದು ಎಂದಳು. ಲೋಲಾಕ್ಷಿ ಪೆನ್ನಿನ ಮುಚ್ಚಳ ನೋಡುತ್ತಿದ್ದಳು. "ಏಳು ವರ್ಷ," ಎಂಬ ಮಾತು ಕೇಳಿಸಿತು. ಅದು ತನ್ನ ಬಾಯಿಂದ ಬಂದದ್ದು ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವ್ವ ತಿರುಗಿ ನೋಡಿದಳು. ಡಾಕ್ಟರಮ್ಮ ಖಂಡಿತಾನಾ, ಹೇಗೆ ನೆನಪಿದೆ ಎಂದರು. "ನಾನಾಗ ಎಂಟನೇ ಕ್ಲಾಸು," ಎಂದಳು ಲೋಲಾಕ್ಷಿ. ಅಷ್ಟರಿಂದಲೇ ಅವರಿಗೆ ಸಮಾಧಾನವಾಯಿತು. ಮುಖ ಅರಳಿತು ಎಂದೇ ಹೇಳಬೇಕು. "ಹಾಗಾದರೆ ಒಳ್ಳೇದು. ಲಿವರಿಗೆ ಹೋಗಿ ಏಳು ವರ್ಷ ಆದರೂ ಇವರು ಹೀಗೆ ನಡಕೊಂಡು ಬಂದಿದ್ದಾರೆ ಅಂದರೆ ಇದು ಬಹಳ ನಿಧಾನದ್ದು. ಇದೂ ಕ್ಯಾನ್ಸರಿನ ಜಾತಿಯೇ, ಸುಳ್ಳು ಹೇಳಲ್ಲ. ಪೂರ್ತಿ ತೆಗೆದುಹಾಕೋಕೆ ಆಗಲ್ಲ. ಕರುಳಿನ ಗಂಟು ತೆಗೀಬಹುದು, ಸೂಜಿಯಿಂದ ಈ ಕೆಂಪು, ಈ ಭೇದಿ ಕಡಿಮೆ ಮಾಡಬಹುದು. ಇನ್ನು ಎಷ್ಟು ವರ್ಷ ಅಂತ ನನ್ನ ಕೇಳಬೇಡಿ. ಐದು ಅನ್ನಬಹುದು, ಹತ್ತು ಅನ್ನಬಹುದು, ಹದಿನೈದು ವರ್ಷ ಬಾಳಿದವರೂ ಇದ್ದಾರೆ. ಹೃದಯದ ಬಲಗಡೆ ವಾಲ್ವುಗಳು, ಬಾಗಿಲು ಇದ್ದ ಹಾಗೆ ಅವು, ಗಟ್ಟಿಯಾಗುತ್ತಾ ಹೋಗ್ತವೆ ಕೆಲವರಿಗೆ. ಅದೊಂದನ್ನ ವರ್ಷ ವರ್ಷ ನೋಡ್ತಾ ಇರಬೇಕು."

ಅವ್ವ ಕೇಳಿದ್ದು ಒಂದೇ. "ಅಂಟ್ತದಾ ಡಾಕ್ಟ್ರೇ?" ಇಲ್ಲ ಎಂದರು. ಅವ್ವ ಸೆರಗು ಸರಿ ಮಾಡಿಕೊಂಡು ಎದ್ದಳು.

ಡಾಕ್ಟರಮ್ಮ ಹೇಳಿದ್ದು ಮುಂದಿನ ವರ್ಷಗಳನ್ನು. ಲೋಲಾಕ್ಷಿಗೆ ಕೇಳಿಸಿದ್ದು ಹಿಂದಿನ ಏಳು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಅವ್ವ ಮುಂದೆ, ಅವಳು ಎರಡು ಮೆಟ್ಟಿಲು ಹಿಂದೆ. ಅವ್ವನ ಹಿಮ್ಮಡಿಯ ಬಿರುಕುಗಳನ್ನು ನೋಡುತ್ತಾ, ಹಾಗಾದರೆ ಅವತ್ತೇ ಇತ್ತು, ಹಾಗಾದರೆ ಅವತ್ತೇ ಇತ್ತು ಎಂದು ಮೆಟ್ಟಿಲಿಗೊಂದು ಸಲ ಅಂದುಕೊಳ್ಳುತ್ತಾ ಇಳಿದಳು. ಕೆಳಗೆ ಹೋದ ಮೇಲೆ ಹೇಳಬೇಕು ಎಂದುಕೊಂಡಳು. ಬಸ್ಸಿನಲ್ಲಿ ಹೇಳಬೇಕು ಎಂದುಕೊಂಡಳು. ಮನೆಗೆ ಬಂದು ದೀಪ ಹಾಕಿದ ಮೇಲೆ ಎಂದುಕೊಂಡಳು. ಇದಾಗಿ ಈಗ ಒಂದು ತಿಂಗಳು. ಇನ್ನು ಎರಡು ದಿನ, ಮೂರು ದಿನ ಎಂದು ಡಾಕ್ಟರು ಹೇಳಿದ್ದರೆ ಹೇಳಿಬಿಡಬಹುದಿತ್ತು. ಸಾಯುವವರ ಹತ್ತಿರ ಕೂತು ಕೈ ಹಿಡಿದುಕೊಂಡು ಏನನ್ನಾದರೂ ಹೇಳಬಹುದು, ಅದಕ್ಕೆಂದೇ ಒಂದು ಹೊತ್ತು ಇರುತ್ತದೆ. ಹತ್ತು ವರ್ಷ ಇರುವವಳಿಗೆ ಯಾವಾಗ ಹೇಳುವುದು? ರೊಟ್ಟಿ ತಟ್ಟುವಾಗಲೇ? ತಲೆ ಬಾಚುವಾಗಲೇ? ಈಗ, ಅಕ್ಕಿ ಆರಿಸುವಾಗಲೇ? ಅವ್ವ ಒಂದು ನೆಲ್ಲನ್ನು ಉಗುರಿನಿಂದ ಸುಲಿದು ಅಕ್ಕಿಯನ್ನು ಮೊರಕ್ಕೆ ಹಾಕಿ ಸಿಪ್ಪೆಯನ್ನು ಊದಿದಳು.

ಏಳು ವರ್ಷದ ಹಿಂದೆ, ವನಗೂರಿನಲ್ಲಿ, ಅವತ್ತು ಕೊಟ್ಟದ್ದೂ ಅಕ್ಕಿಯೇ. ಮೂರು ಬೆರಳಿನಲ್ಲಿ ಹಿಡಿಯುವಷ್ಟು. ಸ್ಟೋರಿನಿಂದ ಒಳ್ಳೆಯ ಜಾತಿಯ ಏಲಕ್ಕಿಯ ಒಂದು ಚೀಲ ಕಾಣೆಯಾಗಿತ್ತು. ಸ್ಟೋರಿನ ಹೆಂಗಸರು ದಿನಾ ಸಂಜೆ ಬಾಗಿಲಲ್ಲಿ ನಿಂತು ಮಡಿಲು ಕೊಡವಿಯೇ ಹೋಗಬೇಕಿತ್ತು, ಒಂದು ಕಾಯಿ ಬಿದ್ದರೂ ನಾಚಿಕೆ. ಅಂಥದ್ದರಲ್ಲಿ ಒಂದು ಚೀಲ. ಎಸ್ಟೇಟಿನ ಯಜಮಾನಿ ರಾಜಲಕ್ಷ್ಮಮ್ಮ, ಪೊಲೀಸರು ಬೇಡ, ನಮ್ಮ ಹೆಂಗಸರು ಠಾಣೆ ಮೆಟ್ಟಿಲು ಹತ್ತಬಾರದು ಎಂದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದೇವೀರಪ್ಪ ದೇವರ ಗುಡಿಗೆ ಹೋಗಿ ಅಕ್ಕಿ ಮಂತ್ರಿಸಿಕೊಂಡು ಬಾಳೆಲೆಯಲ್ಲಿ ಕಟ್ಟಿ ತಂದ. ಹನ್ನೊಂದು ಹೆಂಗಸರು ಜಗಲಿಯ ಮೇಲೆ ಸಾಲಾಗಿ ಕೂತರು. ನೀರಿಲ್ಲದೆ ಅಗಿದು ನುಂಗಬೇಕು, ನೆರಳು ಮೆಟ್ಟಿಲಿಗೆ ಬರುವವರೆಗೆ ಏಳಬಾರದು, ಕದ್ದವಳ ಹೊಟ್ಟೆಯಲ್ಲಿ ಆ ಅಕ್ಕಿ ನಿಲ್ಲುವುದಿಲ್ಲ. ಸ್ಕೂಲು ಬಿಟ್ಟು ಬಂದಿದ್ದ ಲೋಲಾಕ್ಷಿ ಅವ್ವನ ಪಕ್ಕ ನಿಂತು ಅವಳ ಸೆರಗಿನ ತುದಿ ಹಿಡಿದುಕೊಂಡಿದ್ದಳು. ಅಕ್ಕಿಯಲ್ಲಿ ಅರಿಸಿನದ ಜೊತೆ ಕಾಳುಮೆಣಸೂ ಇತ್ತು, ಅವ್ವ ಅಗಿಯುವಾಗ ಕಟಕ್ ಎಂದು ಕೇಳಿಸಿತು. ಹತ್ತು ಮುಖಗಳು ಹೇಗಿದ್ದವೋ ಹಾಗೇ ಇದ್ದವು. ಹನ್ನೊಂದನೆಯದು ಬಣ್ಣ ತಿರುಗಿತು. ಕೆನ್ನೆ, ಕಿವಿ, ಕುತ್ತಿಗೆ. ಎಲ್ಲರೂ ನೋಡಿದರು. ಅವ್ವ ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡಳು, ತಡೆದಳು, ತಡೆಯಲಾರದೆ ಎದ್ದು ಸ್ಟೋರಿನ ಹಿಂದಕ್ಕೆ ಓಡಿದಳು. ಎದ್ದಾಗ ಸೆರಗು ಲೋಲಾಕ್ಷಿಯ ಕೈಯಿಂದ ಬಿಟ್ಟುಹೋಯಿತು. ಬಿಟ್ಟುಹೋಯಿತೋ, ಅವಳು ಬಿಟ್ಟಳೋ. ಬಿಟ್ಟಳು. ಬೆರಳು ಸಡಿಲಿಸಿದ್ದು ಅವಳಿಗೆ ನೆನಪಿದೆ. ಅವ್ವ ಏಳುವುದಕ್ಕೆ ಮುಂಚೆ, ಮುಖ ಕೆಂಪಾದಾಗಲೇ.

ಆಮೇಲೆ ರಾಜಲಕ್ಷ್ಮಮ್ಮ ಕುರ್ಚಿಯಿಂದ ಸ್ವಲ್ಪ ಬಗ್ಗಿ, ಮೆತ್ತಗೆ, "ನೀನೇ ಹೇಳು ಮಗ, ನಿಮ್ಮವ್ವ ಮನೆಗೆ ಏನಾದ್ರೂ ತಂದಿದ್ಲಾ?" ಎಂದು ಕೇಳಿದರು. ತಂದಿರಲಿಲ್ಲ. ಇಲ್ಲ ಎನ್ನುವುದಕ್ಕೆ ಒಂದು ಮಾತು ಸಾಕಾಗಿತ್ತು. ಹತ್ತು ಹೆಂಗಸರು, ದೇವೀರಪ್ಪ, ಜಗಲಿಯ ಕಂಬದ ಹತ್ತಿರ ಮಲಗಿದ್ದ ನಾಯಿ, ಎಲ್ಲ ಅವಳನ್ನೇ ನೋಡುತ್ತಿದ್ದವು. ಸ್ಕೂಲಿನಲ್ಲಿ ಉತ್ತರ ಗೊತ್ತಿದ್ದರೂ ಅವಳು ಎದ್ದು ಹೇಳಿದವಳಲ್ಲ. ತಲೆ ತಗ್ಗಿಸಿದಳು. ರಾಜಲಕ್ಷ್ಮಮ್ಮ ನಿಟ್ಟುಸಿರು ಬಿಟ್ಟು, "ಪಾಪ, ಮಗೂನ ಕೇಳಬಾರದಿತ್ತು," ಎಂದರು. ಎಲ್ಲರಿಗೂ ಕಾಫಿ ಕೊಡಿಸಿದರು. ಅವಳಿಗೂ ಒಂದು ಲೋಟ. ಅವಳು ಅದನ್ನು ಕುಡಿದಳು, ಸಕ್ಕರೆ ಚೆನ್ನಾಗಿ ಹಾಕಿದ್ದರು.

ಬರೀ ನಾಚಿಕೆಯಾಗಿದ್ದರೆ ಅದು ಬೇರೆ ಮಾತು. ಅವಳು ನಂಬಿದ್ದಳು. ಒಲೆಯ ಕಾವಿನಲ್ಲಿ ಏಲಕ್ಕಿ ಒಣಗಿಸುವ ಮನೆಯಿಂದ ಅವ್ವ ಹೊರಗೆ ಬಂದಾಗ ಮುಖ ಹೀಗೆಯೇ ಇರುತ್ತಿದ್ದುದನ್ನು ಆ ಮೊದಲೇ ಒಂದೆರಡು ತಿಂಗಳಿಂದ ನೋಡಿದ್ದಳು. ಒಲೆಯ ಕಾವು ಎಂದುಕೊಂಡಿದ್ದಳು. ಅವತ್ತು ಅದು ನೆನಪಿಗೆ ಬರಲೇ ಇಲ್ಲ. ದೇವರು ಎಲ್ಲರ ಎದುರಿಗೆ ಅವ್ವನ ಮುಖಕ್ಕೆ ಬಣ್ಣ ಬಳಿದ ಎಂದೇ ನಂಬಿದಳು. ಸ್ಟೋರಿನಿಂದ ಆಳುಗಳ ಲೈನ್ ಮನೆಗೆ ಇಳಿಯುವ ದಾರಿಯಲ್ಲಿ ಅವ್ವ ಮುಂದೆ ನಡೆಯುತ್ತಿದ್ದವಳು ನಿಂತಳು. ತಿರುಗಿದಳು. ಬಣ್ಣ ಇಳಿದು ಮುಖ ಬೂದಿಯ ಹಾಗಿತ್ತು.

"ನೀನೂ ನಂಬ್ಬುಟ್ಯಾ ಮಗ?"

ಲೋಲಾಕ್ಷಿಯ ಚಪ್ಪಲಿಯ ಬಾರು ಕಿತ್ತುಬಂದಿತ್ತು. ಬಗ್ಗಿ ಅದನ್ನು ಸರಿಮಾಡತೊಡಗಿದಳು. ಸರಿಹೋದ ಮೇಲೂ ಸರಿಮಾಡುತ್ತಿದ್ದಳು. ತಲೆ ಎತ್ತಿದಾಗ ಅವ್ವ ದೂರ ಹೋಗಿದ್ದಳು. ಮರುದಿನ ಸ್ಕೂಲಿನಲ್ಲಿ ಯಾರೋ ಅವಳ ಬ್ಯಾಗು ಮೂಸಿ, ಏಲಕ್ಕಿ ವಾಸನೆ ಐತೆ ಕಣ್ರೋ ಎಂದರು. ಇನ್ನೊಂದು ವಾರ ಹೋದಳು. ಆಮೇಲೆ ಎಸ್ಟೇಟ್ ಬಿಟ್ಟು ಆಲೂರು. ಅವ್ವ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಆ ಚೀಲ ಯಾರ ಕೈ ಸೇರಿತೋ ಯಾರಿಗೂ ಗೊತ್ತಾಗಲಿಲ್ಲ.

ಅಂಗಳದಲ್ಲಿ ಚಪ್ಪಲಿ ಕಳಚುವ ಸದ್ದಾಯಿತು. ಬೆಳಕಿಗೆ ಅಡ್ಡ ಬಂದವಳು ವನಗೂರಿನ ಹುಲಿಯಮ್ಮ. ಸ್ಟೋರಿನಲ್ಲಿ ಅವ್ವನ ಪಕ್ಕದಲ್ಲೇ ಕೂತು ಏಲಕ್ಕಿ ಆರಿಸುತ್ತಿದ್ದವಳು, ಈಗಲೂ ಅಲ್ಲೇ ಕೆಲಸದಲ್ಲಿರುವವಳು. ಸಂತೆಗೆ ಬಂದಾಗ ವರ್ಷಕ್ಕೆ ಒಂದೋ ಎರಡೋ ಸಲ ಹೀಗೆ ಬಂದುಹೋಗುತ್ತಿದ್ದಳು. ಅವಳನ್ನು ಕಂಡ ಸಡಗರಕ್ಕೋ, ಎದ್ದ ರಭಸಕ್ಕೋ, ಅವ್ವನ ಕೆನ್ನೆಗೆ ಬಣ್ಣ ಏರಿತು.

"ಏನೇ ಬೆಟ್ಟಿ, ಹೊತ್ತೇರಾಕ್ ಮುಂಚೆನೇ ಹಾಕ್ಬುಟ್ಟಿದ್ದೀಯಲ್ಲೇ! ಯಾವ ಅಂಗ್ಡಿದು?"

"ನಿಂಗೊಂದ್ ಲೋಟ ಬುಟ್ಟೀನಿ, ಬಾ ಕೂತ್ಕೊ," ಎಂದಳು ಅವ್ವ.

ಇಬ್ಬರೂ ನಕ್ಕರು. ಲೋಲಾಕ್ಷಿ ನೋಟ್‌ಬುಕ್ ತೆಗೆದು ಬರೆದುಕೊಂಡಳು. ಹತ್ತೂ ನಲವತ್ತು. ಹುಲಿಯಮ್ಮ ಬಂದಾಗ. ಹುಲಿಯಮ್ಮ ಚಾಪೆಯ ಮೇಲೆ ಕೂತು, ಚೀಲದಿಂದ ಪೇಪರಿನಲ್ಲಿ ಕಟ್ಟಿದ ಒಂದು ಪೊಟ್ಟಣ ತೆಗೆದು ಮೊರದ ಅಂಚಿಗೆ ಇಟ್ಟಳು. ಏಲಕ್ಕಿಯ ವಾಸನೆ ಅದಕ್ಕಿಂತ ಮೊದಲೇ ಬಂದಿತ್ತು.

"ಎಸ್ಟೇಟ್ ಅಮ್ಮಾವ್ರು ಕೊಟ್ಟವ್ರೆ ಕಣೆ. ಬೆಟ್ಟಮ್ಮಂಗೆ ಏನೋ ದೊಡ್ಡ ಕಾಯ್ಲೆ ಅಂತಲ್ಲ, ಕೊಟ್ಬುಡು, ಆಗಿದ್ದೆಲ್ಲ ನಾನ್ ಮರ್ತುಬುಟ್ಟಿದೀನಿ ಅಂತ ಹೇಳು ಅಂದ್ರು. ಕಣ್ಣಲ್ಲಿ ನೀರ್ ಹಾಕುದ್ರು ಮಾರಾಯ್ತಿ. ಎಂಥೋರು ನೋಡು, ಕ್ಷಮಿಸ್ಬುಟ್ರು."

ಅವ್ವ ಪೊಟ್ಟಣ ನೋಡಿದಳು. ಮುಟ್ಟಲಿಲ್ಲ.

"ಊರಲ್ಲಿ ಒಂದೊಂದ್ ಅಂತಾರೆ," ಎಂದಳು ಹುಲಿಯಮ್ಮ ದನಿ ತಗ್ಗಿಸಿ. "ನಾನೇನ್ ಅನ್ನಲ್ಲಪ್ಪ, ಅವ್ರಂತಾರೆ. ಹೊಟ್ಟೇಲಿ ಗಂಟು ಅಂತಲ್ಲ, ಅದು ಆ ದೇವ್ರ ಅಕ್ಕೀನೇ ಅಂತೆ. ತಿಂದು ಅರಗಿಸ್ಕಳಾಕ್ ಆಯ್ತದಾ ಅದನ್ನ? ಅಲ್ಲೇ ಕೂತು ಗಂಟಾಗೈತೆ ಅಂತ. ದೇವೀರಪ್ಪ ಅಂತೂ ಎದೆ ಉಬ್ಬಿಸ್ಕಂಡ್ ತಿರುಗ್ತಾ ಅವ್ನೆ, ನಾನ್ ತಂದ ಅಕ್ಕಿ, ಏಳ್ ವರ್ಷಕ್ಕೆ ಸಾಕ್ಷಿ ಹೇಳ್ತು ಅಂತ."

ಅವತ್ತು ಹೊಟ್ಟೆಯಲ್ಲಿ ಅಕ್ಕಿ ನಿಲ್ಲಲಿಲ್ಲ, ಅದಕ್ಕೇ ಕಳ್ಳಿ ಎಂದಿದ್ದರು. ಇವತ್ತು ನಿಂತಿತು, ಅದಕ್ಕೇ ಕಳ್ಳಿ ಎನ್ನುತ್ತಿದ್ದಾರೆ. ಲೋಲಾಕ್ಷಿ ಇದನ್ನು ಬೇರೆ ಯಾರದೋ ಮನೆಯ ವಿಷಯವೆಂಬಂತೆ ಯೋಚಿಸಿದಳು. ಅವ್ವ ಕಳ್ಳಿಯಲ್ಲ ಎಂದು ಹೇಳುವ ಒಂದೇ ಒಂದು ಕಾಗದ ಮೈಸೂರಿನಿಂದ ಬಂದಿತ್ತು, ವನಗೂರು ಮುಟ್ಟುವಷ್ಟರಲ್ಲಿ ಅದೇ ಕಾಗದ ಅವ್ವನನ್ನು ಎರಡನೇ ಸಲ ಹಿಡಿದುಕೊಟ್ಟಿತ್ತು. ನೋಟ್‌ಬುಕ್ಕಿನ ಹನ್ನೆರಡು ಪುಟ ಅವಳ ತೊಡೆಯ ಮೇಲಿತ್ತು. ಬಾಯಿಗೆ ಬಂದ ಮಾತನ್ನು ನುಂಗಲು ನೋಡಿದಳು. ಇಷ್ಟು ವರ್ಷ ನುಂಗಿ ಅಭ್ಯಾಸವಿತ್ತು. ಇವತ್ತು ಇಳಿಯಲಿಲ್ಲ.

"ಅಕ್ಕಿ ಅಲ್ಲ ದೊಡ್ಡವ್ವ. ಅಕ್ಕಿಗಿಂತ ಮೊದ್ಲೇ ಇತ್ತು."

ಹುಲಿಯಮ್ಮ ತಿರುಗಿ ನೋಡಿದಳು. "ಏನ್ ಮೊದ್ಲೇ ಇತ್ತು?"

"ಗಂಟು. ಅದಿದ್ರೆ ಮುಖ ಕೆಂಪಾಗ್ತದೆ, ಹೊಟ್ಟೆ ಕೆಡ್ತದೆ. ಕಾಳ್‌ಮೆಣ್ಸು ತಿಂದ್ರೂ ಬರ್ತದೆ, ಹೆದರ್ಕಂಡ್ರೂ ಬರ್ತದೆ. ಅವತ್ತು ಬಂದಿದ್ದು ಅದೇ. ಡಾಕ್ಟ್ರು ಹೇಳವ್ರೆ." ಅವಳು ನೋಟ್‌ಬುಕ್ಕನ್ನು ಮುಂದಕ್ಕೆ ಚಾಚಿದಳು. ಹುಲಿಯಮ್ಮನಿಗೆ ಓದು ಬರುವುದಿಲ್ಲ ಎಂಬುದು ಚಾಚಿದ ಮೇಲೆ ನೆನಪಾಯಿತು. ಕೈ ಅಲ್ಲೇ ನಿಂತಿತು.

ಹುಲಿಯಮ್ಮ ಅವಳನ್ನು, ಆಮೇಲೆ ನೋಟ್‌ಬುಕ್ಕನ್ನು ನೋಡಿದಳು. ನಂತರ ಕೈ ತಟ್ಟಿ ನಕ್ಕಳು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. "ನೋಡೇ ಬೆಟ್ಟಿ, ನಿನ್ ಮಗ್ಳಿಗೂ ಬಾಯಿ ಬಂದ್ಬುಡ್ತು! ಅಲ್ಲ ಕಣವ್ವ, ಇದ್ನ ಅವತ್ತೇ ಹೇಳ್ಬಾರ್ದಾಗಿತ್ತಾ? ಅಮ್ಮಾವ್ರು ನಿನ್ನೇ ತಾನೆ ಕೇಳಿದ್ದು, ನಾನೂ ಅಲ್ಲೇ ಕೂತಿದ್ನಲ್ಲ. ನೀನ್ ಇಲ್ಲ ಅಂತ ಒಂದ್ ಮಾತ್ ಅಂದಿದ್ರೆ ನಾವೆಲ್ಲ ಹೂಂ ಅಂತಿದ್ವಿ."

ಲೋಲಾಕ್ಷಿ ನೋಟ್‌ಬುಕ್ಕನ್ನು ಹಿಂದಕ್ಕೆ ತೆಗೆದುಕೊಂಡಳು. ಹುಲಿಯಮ್ಮ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅದನ್ನು ಯಾರಾದರೂ ಒಂದು ದಿನ ಹೇಳಿಯೇ ಹೇಳುತ್ತಾರೆ ಎಂದು ಏಳು ವರ್ಷದಿಂದ ಕಾದಿದ್ದಳು. ಹೇಳಿದ ಮೇಲೆ ಏನೂ ಆಗಲಿಲ್ಲ. ಹೊರಗೆ ಹಾಸನದ ಬಸ್ಸು ಹಾರನ್ ಹೊಡೆಯುತ್ತಾ ಹೋಯಿತು. ಮೊರದ ಅಂಚಿನಲ್ಲಿ ಒಂದು ಇರುವೆ ಅಕ್ಕಿಯ ನುಚ್ಚನ್ನು ಎಳೆಯುತ್ತಿತ್ತು.

ಅವ್ವ ಅಷ್ಟು ಹೊತ್ತಿಗೆ ಪೊಟ್ಟಣ ಬಿಚ್ಚಿದ್ದಳು. ಏಲಕ್ಕಿಯನ್ನು ಅಂಗೈಗೆ ಸುರಿದುಕೊಂಡು, ಕಣ್ಣು ಬಾಗಿಲ ಕಡೆ ಇರುವಂತೆಯೇ ಹೆಬ್ಬೆರಳಿನಿಂದ ಒಂದೊಂದನ್ನೇ ಉರುಳಿಸಿದಳು. ಒಂದು ಕಾಯಿ ಪಕ್ಕಕ್ಕೆ ಬಿತ್ತು. ಇನ್ನೊಂದು. ಮತ್ತೊಂದು. "ಎರಡ್ನೇ ಜಾತೀದು," ಎಂದಳು. "ಅರ್ಧ ಜಳ್ಳು."

"ಏನ್ ಕಳ್ಳ ಬೆರಳೇ ನಿಂದು!" ಎಂದಳು ಹುಲಿಯಮ್ಮ. ಆ ಮೇಲೆ ಬಾಯಿ ಮುಚ್ಚಿಕೊಂಡಳು.

ಅವ್ವ ನಕ್ಕುಬಿಟ್ಟಳು. ಹುಲಿಯಮ್ಮನೂ ನಕ್ಕಳು. ಅವ್ವ ಎದ್ದು ಟೀಗೆ ನೀರಿಟ್ಟು ಆ ಜಳ್ಳು ಕಾಯಿಗಳನ್ನೇ ಜಜ್ಜಿ ಹಾಕಿದಳು. ಮೂವರೂ ಕುಡಿದರು. ಟೀ ಚೆನ್ನಾಗಿತ್ತು. ಹುಲಿಯಮ್ಮ ಈ ವರ್ಷದ ಮೆಣಸಿನ ಬಳ್ಳಿಗೆ ಬಂದ ರೋಗದ ಬಗ್ಗೆ, ಯಸಳೂರಿಗೆ ಕೊಟ್ಟ ಮಗಳ ಬಾಣಂತನದ ಬಗ್ಗೆ ಮಾತಾಡಿದಳು. ಅವ್ವ ಕೇಳಬೇಕಾದ ಕಡೆ ಕೇಳಿದಳು, ನಗಬೇಕಾದ ಕಡೆ ನಕ್ಕಳು. ಹೊರಡುವಾಗ ಹುಲಿಯಮ್ಮ ಹೊಸ್ತಿಲ ಮೇಲೆ ನಿಂತು, "ಅಮ್ಮಾವ್ರಿಗೆ ಏನಂತ ಹೇಳ್ಲಿ?" ಎಂದಳು.

ಲೋಲಾಕ್ಷಿ ಅವ್ವನ ಮುಖ ನೋಡಿದಳು. ಈಗ ಹೇಳುತ್ತಾಳೆ ಎಂದುಕೊಂಡಳು. ನಾನು ಕದ್ದಿಲ್ಲ ಎಂದು ಹೇಳು ಅನ್ನುತ್ತಾಳೆ, ಪೊಟ್ಟಣ ವಾಪಸ್ ಕೊಡುತ್ತಾಳೆ, ಏನಾದರೂ ಒಂದು ಮಾಡುತ್ತಾಳೆ.

"ತಲುಪ್ತು ಅನ್ನು," ಎಂದಳು ಅವ್ವ.

ಹುಲಿಯಮ್ಮ ಹೋದ ಮೇಲೆ ಮತ್ತೆ ಮೊರದ ಎರಡು ಕ‍ಡೆ ಕೂತರು. ಬೆಳಕು ಸರಿದಿತ್ತು. ಲೋಲಾಕ್ಷಿ ಮೊರವನ್ನು ಬೆಳಕು ಬಿದ್ದ ಕಡೆಗೆ ಸ್ವಲ್ಪ ಎಳೆದಳು. ಅವ್ವನ ಬೆರಳುಗಳು ಮೊದಲಿನ ಹಾಗೆಯೇ ಹೋಗಿ ಬರುತ್ತಿದ್ದವು. ವನಗೂರಿನವರಿಗೆ ಹೇಳುವುದು ಅವ್ವನಿಗೆ ಬೇಕಾಗಿಲ್ಲ ಎಂದು ಲೋಲಾಕ್ಷಿಗೆ ನಿಧಾನವಾಗಿ ತಿಳಿಯುತ್ತಾ ಬಂತು. ಬೇಕಾಗಿರಲೇ ಇಲ್ಲವೇನೋ. ಅವತ್ತು ದಾರಿಯಲ್ಲಿ ಅವ್ವ ನಿಂತು ತಿರುಗಿದ್ದು ಹತ್ತು ಹೆಂಗಸರ ಕಡೆಗಲ್ಲ, ರಾಜಲಕ್ಷ್ಮಮ್ಮನ ಕಡೆಗಲ್ಲ. ಕೇಳಿದ್ದು ಒಬ್ಬಳನ್ನು. ಡಾಕ್ಟರು ಹೇಳುವುದಕ್ಕೆ ಮೊದಲು ಆ ಪ್ರಶ್ನೆಗೆ ಬೇರೆ ಉತ್ತರವಿತ್ತು, ಈಗ ಬೇರೆ ಉತ್ತರವಿದೆ. ಹಾಗೆ ಯೋಚಿಸುತ್ತಿದ್ದಂತೆ ಅವಳಿಗೆ ತಪ್ಪು ಕಂಡಿತು. ಈಗಿನ ಉತ್ತರ ಡಾಕ್ಟರದು. ಕರುಳಿನ ಚಿತ್ರ, ಲಿವರಿನ ಚುಕ್ಕೆಗಳು ಇಲ್ಲದೆ ಹೋಗಿದ್ದರೆ ಅವಳು ಇವತ್ತಿಗೂ ನಂಬಿರುತ್ತಿದ್ದಳು. ಅದನ್ನು ಅವ್ವನೂ ಯೋಚಿಸಿರಬಹುದು, ಆ ದಿನ ಡಾಕ್ಟರಮ್ಮ ಯಾವಾಗ ಎಂದು ಕೇಳಿದಾಗಲೇ. ಮಗಳ ಉತ್ತರವನ್ನು ಡಾಕ್ಟರು ಕೊಡುವುದು ಬೇಡವೆಂದೇ ಎರಡು ವರ್ಷ ಎಂದಿರಬಹುದು.

ಅವ್ವನ ಬೆರಳುಗಳು ನಿಂತವು. ಕೆನ್ನೆಯ ಮೇಲಿನಿಂದ ಬಣ್ಣ ಇಳಿಯತೊಡಗಿತು. ಕಿವಿ, ಕುತ್ತಿಗೆ. ಲೋಲಾಕ್ಷಿ ಗಡಿಯಾರ ನೋಡಲಿಲ್ಲ. ನೋಟ್‌ಬುಕ್ಕು ಪಕ್ಕದಲ್ಲೇ ಇತ್ತು, ತೆಗೆಯಲಿಲ್ಲ. ತೆಗೆಯದೆ ಇರುವುದನ್ನು ಗಮನಿಸಿದ ಅವ್ವ ಬೇರೆ ಕಡೆ ತಿರುಗಿಸಿದ್ದ ಮುಖವನ್ನು ಒಂದು ಸಲ ಇತ್ತ ತಿರುಗಿಸಿದಳು. ಆ ಬಣ್ಣದಲ್ಲಿ ಅವಳ ಮುಖವನ್ನು ಲೋಲಾಕ್ಷಿ ಇಷ್ಟು ಹತ್ತಿರದಿಂದ, ಏನೂ ಬರೆದುಕೊಳ್ಳದೆ, ಎಂದೂ ನೋಡಿರಲಿಲ್ಲ.

"ಅವ್ವಾ," ಎಂದಳು. "ಅವತ್ತು ದಾರೀಲಿ ನನ್ನ ಒಂದ್ ಮಾತ್ ಕೇಳಿದ್ಯಲ್ಲ. ಅದನ್ನ ಇನ್ನೊಂದ್ಸಲ ಕೇಳು."

ಮೊರದಲ್ಲಿ ಆರಿಸದ ಅಕ್ಕಿ ಇನ್ನು ಎರಡು ಹಿಡಿಯಷ್ಟಿತ್ತು. ಅವ್ವ ಅದನ್ನು ತನ್ನ ಕಡೆಗೆ ಎಳೆದುಕೊಂಡಳು.